ಕುಂಬಳದ ಕುಡಿ

"ಅವ್ವಾ! ಯಾರು ಚಿವುಟಿದ್ದು ಇದನ್ನ?"

ಗಂಗಾಳ ಬಾಯಲ್ಲಿದ್ದ ಪೇಸ್ಟಿನ ನೊರೆ ಯೂನಿಫಾರ್ಮ್ ಮೇಲೆ ಬಿತ್ತು. ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಬಚ್ಚಲ ಪಕ್ಕದ ಒಗೆಯುವ ಕಲ್ಲಿನ ಮೇಲೆ ತುದಿಗಾಲಲ್ಲಿ ನಿಂತು, ಬಚ್ಚಲ ಚಾವಣಿಯ ಶೀಟಿನ ಮೇಲೆ ಹಬ್ಬಿದ್ದ ಕುಂಬಳದ ಬಳ್ಳಿಯನ್ನು ಕಣ್ಣರಳಿಸಿ ನೋಡುತ್ತಿದ್ದಳು.

ನಿನ್ನೆ ಸಂಜೆ ಅಲ್ಲಿ ಕುಡಿ ಇತ್ತು. ಎಳೆ ಎಲೆಗಳನ್ನು ಮಡಚಿಕೊಂಡು, ಮೈತುಂಬ ಬಿಳಿ ನವಿರು ಹೊತ್ತುಕೊಂಡು, ತಲೆ ಎತ್ತಿ ನಿಂತಿದ್ದ ಕುಡಿ. ಈಗ ಇಲ್ಲ! ಬಳ್ಳಿಯ ತುದಿ ಒಂದು ಗೇಣಿನಷ್ಟು ಮಾಯವಾಗಿತ್ತು. ಮುರಿದ ಜಾಗದಲ್ಲಿ ರಸ ಒಸರಿ, ಒಣಗಿ ಅಂಟಿಕೊಂಡಿತ್ತು.

"ಆಡು ಬಾಯಿ ಹಾಕಿರಬೇಕು ಬಿಡೇ," ಅವ್ವ ಒಳಗಿನಿಂದಲೇ ಕೂಗಿದಳು. ರೊಟ್ಟಿ ತಟ್ಟುವ ಸದ್ದು ನಿಲ್ಲಲಿಲ್ಲ.

"ಆಡು ಇಷ್ಟು ನೀಟಾಗಿ ತಿಂತೈತಾ? ಪಕ್ಕದಲ್ಲಿರೋ ಎಲೆ ಬಿಟ್ಟು ಬರೀ ಕುಡಿ ತಿಂತೈತಾ? ಉಗುರಲ್ಲಿ ಚಿವುಟಿದಾರೆ ಅವ್ವಾ. ಬಂದು ನೋಡು!"

"ಇನ್ನೊಂದು ಬರ್ತೈತೆ ತಗಾ. ಹೊತ್ತಾಯ್ತು, ಮುಖ ತೊಳಿ."

ಇನ್ನೊಂದು ಬರುತ್ತದಂತೆ! ನಾಳೆ ಬೆಳಗ್ಗೆ ರಂಗೇಶ್ ಮೇಷ್ಟ್ರು ಟೇಪು ಹಿಡಿದು ಅಳೆಯಲು ಬರುತ್ತಾರೆ. ಅಷ್ಟರೊಳಗೆ ಒಂದು ಗೇಣು ಉದ್ದವಾಗಲು ಅದೇನು ಬಲೂನೇ, ಊದಿದರೆ ಬೆಳೆಯುವುದಕ್ಕೆ?

ಜೂನ್ ತಿಂಗಳಲ್ಲಿ ಮೇಷ್ಟ್ರು ಐದನೇ ಕ್ಲಾಸಿನವರಿಗೆಲ್ಲ ಹೇಳಿದ್ದರು. "ಎಲ್ರೂ ಮನೇಲಿ ಒಂದೊಂದು ಬಳ್ಳಿ ಬೆಳೆಸ್ಬೇಕು. ಬೀಜದಿಂದಾನೇ ಬೆಳೆಸ್ಬೇಕು. ನರ್ಸರಿಯಿಂದ ಸಸಿ ತಂದು ನೆಟ್ರೆ ನಡಿಯಲ್ಲ. ಆಗಸ್ಟ್ ಹದಿನಾಲ್ಕಕ್ಕೆ ಬಂದು ಅಳಿತೀನಿ. ಯಾರದು ಉದ್ದವೋ ಅವರಿಗೆ ಮಾರನೇ ದಿನ ಧ್ವಜ ಹಾರಿಸಿದ ಮೇಲೆ ಸ್ಟೀಲ್ ವಾಟರ್ ಬಾಟಲ್."

ಅವತ್ತು ಸಂಜೆ ಅಜ್ಜಿ ಗೋಡೆಯ ಮೇಲಿನ ಬೆರಣಿಯೊಂದನ್ನು ಕಿತ್ತಳು. ಅಜ್ಜಿಯ ಹೆಸರು ದೊಡ್ಡಕ್ಕ. ಕುಂಬಳದ ಬೀಜವನ್ನು ಹಸಿ ಸಗಣಿಗೆ ಒತ್ತಿ, ಗೋಡೆಗೆ ತಟ್ಟಿ, ಮುಂದಿನ ಮಳೆಗಾಲದವರೆಗೆ ಕಾಯ್ದಿಡುವುದು ಅವಳ ಪದ್ಧತಿ. ಹುಳ ಮುಟ್ಟುವುದಿಲ್ಲ, ಇಲಿ ಮೂಸುವುದಿಲ್ಲ. ಬೆರಣಿ ಮುರಿದಾಗ ಆರು ಬೀಜ ಸಿಕ್ಕಿದವು. ಮೂರು ಗಂಗಾಳಿಗೆ, ಮೂರು ಎರಡು ಮನೆಯಾಚೆಯ ಸುದೀಪನಿಗೆ. ಇಬ್ಬರೂ ಒಂದೇ ಕ್ಲಾಸು, ಒಂದೇ ಬೆಂಚು.

ಗಂಗಾ ಆ ಬಳ್ಳಿಗಾಗಿ ಏನೇನು ಮಾಡಲಿಲ್ಲ! ಕುರಿ ಕೂಡಿಹಾಕುವ ರೊಪ್ಪದಿಂದ ಎರಡು ಪುಟ್ಟಿ ಹಿಕ್ಕೆ ಗೊಬ್ಬರ ತಂದು ಹಾಕಿದಳು. ಎಲೆಗೆ ಹುಳ ಬಂದಾಗ ಬೂದಿ ಎರಚಿದಳು. ನಲ್ಲಿ ಬರುವುದು ಎರಡು ದಿನಕ್ಕೊಮ್ಮೆ. ಹಾಗಾಗಿ ಬಚ್ಚಲ ನೀರು ಬೇರೆ ಕಡೆ ಹರಿಯದಂತೆ ಕಾಲುವೆ ತೋಡಿದಳು. ಸ್ನಾನ ಎಂದರೆ ಓಡಿಹೋಗುತ್ತಿದ್ದ ಹುಡುಗಿ ಬಳ್ಳಿಗೆ ನೀರಾಗಲಿ ಎಂದು ದಿನಕ್ಕೆರಡು ಸಲ ಮೀಯತೊಡಗಿದಳು. "ಕುಂಬಳ ಬಂದು ನನ್ನ ಮಗಳನ್ನ ಮನುಷ್ಯಳನ್ನ ಮಾಡ್ತು," ಎಂದು ಅಪ್ಪ ಪಾಲಣ್ಣ ನಕ್ಕಿದ್ದ.

ಗಂಗಾ ಇದುವರೆಗೆ ಯಾವುದರಲ್ಲೂ ಫಸ್ಟ್ ಬಂದವಳಲ್ಲ. ಓಟದಲ್ಲಿ ಇಲ್ಲ, ಲೆಕ್ಕದಲ್ಲಂತೂ ಕೇಳುವುದೇ ಬೇಡ. ಇದೊಂದರಲ್ಲಿ ಬರುವವಳಿದ್ದಳು.

ಹಾಗಾದರೆ ಯಾರು ಚಿವುಟಿದ್ದು? ಮುಖ ತೊಳೆಯುವಾಗ ಥಟ್ಟನೆ ನೆನಪಾಯಿತು. ನಿನ್ನೆ ಸಂಜೆ ಸುದೀಪ ಬಂದಿದ್ದ. ಇದೇ ಕಲ್ಲಿನ ಮೇಲೆ ನಿಂತು ಬಳ್ಳಿಯನ್ನು ಗೇಣಿನಲ್ಲಿ ಅಳೆದಿದ್ದ. "ನಿಂದು ನಂದಕ್ಕಿಂತ ಅರ್ಧ ಗೇಣು ಜಾಸ್ತಿ ಐತಲ್ಲೇ," ಎಂದು ಮುಖ ಸಣ್ಣದು ಮಾಡಿಕೊಂಡಿದ್ದ. ಆಮೇಲೆ ಗಂಗಾ ಹಾಲು ತರಲು ಹೋಗಿದ್ದಳು. ಅವನು ಇನ್ನೂ ಅಲ್ಲೇ ನಿಂತಿದ್ದ.

ಅವನೇ! ಬೇರೆ ಯಾರಿಗೆ ಬೇಕಾಗಿತ್ತು? ನಮ್ಮಜ್ಜಿ ಕೊಟ್ಟ ಬೀಜ ಬಿತ್ತಿ, ನಮ್ಮ ಬಳ್ಳಿಗೇ ಕೈ ಹಾಕಿದನೇ? ಗಂಗಾಳಿಗೆ ಮೈಯೆಲ್ಲ ಉರಿದುಹೋಯಿತು. ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಬ್ಯಾಗು ಹೆಗಲಿಗೇರಿಸಿದಳು. ಅಜ್ಜಿಗಾದರೂ ಹೇಳೋಣವೆಂದರೆ ಅವಳು ಬೆಳಗಿನ ಮೊದಲ ಬಸ್ಸಿಗೇ ಹೊಸದುರ್ಗಕ್ಕೆ, ಗಂಗಾಳ ಸೋದರತ್ತೆಯ ಮನೆಗೆ ಹೋಗಿಬಿಟ್ಟಿದ್ದಳು.

ಮೇಷ್ಟ್ರು ಹಾಜರಿ ಕರೆಯುತ್ತಿದ್ದರು. ಗಂಗಾ ಎದ್ದು ನಿಂತಳು.

"ಸಾರ್, ಈ ಸುದೀಪ ನನ್ನ ಬಳ್ಳಿ ಕುಡಿ ಕಿತ್ತಿದಾನೆ ಸಾರ್!"

ಎಲ್ಲರೂ ಸುದೀಪನ ಕಡೆ ತಿರುಗಿದರು. ಅವನು ಎದ್ದು ನಿಂತ. "ನಾನಾ? ನಾನಿಲ್ಲ ಸಾರ್. ಬರೀ ಅಳ್ದೆ ಸಾರ್."

"ಸುಳ್ಳು! ನಂದು ಉದ್ದ ಐತೆ ಅಂತ ಹೊಟ್ಟೆಕಿಚ್ಚು ಸಾರ್ ಇವನಿಗೆ. ಕಳ್ಳ!"

ಸುದೀಪನಿಗೆ ಗಾಬರಿಯಾದಾಗಲೆಲ್ಲ ಬ್ಯಾಗಿನ ಪಟ್ಟಿಯನ್ನು ಎಳೆದುಕೊಳ್ಳುವ ಚಾಳಿ. ಒಂದನೇ ಕ್ಲಾಸಿನಿಂದಲೂ ಹಾಗೇ. ಗಂಗಾಳಿಗೆ ಅದು ಚೆನ್ನಾಗಿ ಗೊತ್ತಿತ್ತು. ಈಗ ಹೆಗಲಲ್ಲಿ ಬ್ಯಾಗಿಲ್ಲದಿದ್ದರೂ ಅವನ ಕೈ ತಾನಾಗಿಯೇ ಅಲ್ಲಿಗೆ ಹೋಯಿತು.

ಹಿಂದಿನ ಬೆಂಚಿನಲ್ಲಿದ್ದ ಕೊಟ್ರೇಶಿ ಚಪ್ಪಾಳೆ ತಟ್ಟಿ ಕಿರುಚಿದ. "ಸಾರ್ ಸಾರ್, ನೋಡ್ರಿ! ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕಂಡ!"

ಇಡೀ ಕ್ಲಾಸು ಹೋ ಎಂದು ನಕ್ಕಿತು. ಕಳೆದ ವಾರವಷ್ಟೇ ಗಾದೆ ಪಾಠ ಆಗಿತ್ತು. ಮೇಷ್ಟ್ರಿಗೂ ನಗು ಬಂತು. ಬರಬಾರದಿತ್ತು, ಆದರೆ ಬಂತು. ನಗು ತಡೆದುಕೊಂಡು ಗಂಭೀರ ಮುಖ ಮಾಡಿ ಹೇಳಿದರು, "ಸುದೀಪ, ತಪ್ಪು ಒಪ್ಕೋ. ಅಲ್ಲೀತನಕ ನಿನ್ನ ಬಳ್ಳಿ ಅಳಿಯಲ್ಲ."

"ಮಾಡದೆ ಇರೋದನ್ನ ಹೆಂಗೆ ಒಪ್ಕಳ್ಳಿ ಸಾರ್?" ಎಂದ ಸುದೀಪ. ಅವನು ಪುಸ್ತಕ ಎತ್ತಿಕೊಂಡು ಕಿಟಕಿ ಪಕ್ಕದ ಖಾಲಿ ಬೆಂಚಿಗೆ ಹೋಗಿ ಕುಳಿತ. ಊಟದ ಬೆಲ್ ಹೊಡೆಯುವ ಹೊತ್ತಿಗೆ ಮೂರನೇ ಕ್ಲಾಸಿನ ಮಕ್ಕಳ ಬಾಯಲ್ಲೂ ಅವನ ಹೊಸ ಹೆಸರು ಕೂತಿತ್ತು. ಕುಂಬಳಕಾಯಿ ಕಳ್ಳ.

ಗಂಗಾಳಿಗೆ ಸಮಾಧಾನವಾಯಿತೇ? ಆಯಿತು. ಸುಳ್ಳೇಕೆ ಹೇಳಬೇಕು, ಅವತ್ತು ಅವಳು ಎರಡು ತಟ್ಟೆ ಅನ್ನ ಸಾಂಬಾರ್ ಉಂಡಳು.

ಸಂಜೆ ಹೊಸದುರ್ಗದಿಂದ ಶ್ರೀರಾಂಪುರಕ್ಕೆ ಹೋಗುವ ಬಸ್ಸು ರಸ್ತೆಯಲ್ಲಿ ನಿಂತು, ಅಜ್ಜಿ ಚೀಲ ಹಿಡಿದು ಇಳಿದು ಬಂದಳು. ಅವಳು ಕಟ್ಟೆಯ ಮೇಲೆ ಕೂರುವುದೇ ತಡ, ಗಂಗಾ ಎಲ್ಲವನ್ನೂ ಒದರಿದಳು. ಚಿವುಟಿದ್ದು, ಕಳ್ಳನನ್ನು ಹಿಡಿದದ್ದು, ಮೇಷ್ಟ್ರು ಶಿಕ್ಷೆ ಕೊಟ್ಟದ್ದು.

ಅಜ್ಜಿ ಎಲೆಗೆ ಸುಣ್ಣ ಸವರುತ್ತಿದ್ದವಳು ಕೈ ನಿಲ್ಲಿಸಿದಳು.

"ಅಯ್ಯೋ ಹುಚ್ಚುಮುಂಡೇದೇ. ಅದನ್ನ ಚಿವುಟಿದ್ದು ನಾನಲ್ಲೇನೇ!"

ಗಂಗಾಳಿಗೆ ಒಂದು ಕ್ಷಣ ಅರ್ಥವಾಗಲಿಲ್ಲ.

"ನೀನಾ?"

"ಮತ್ತೆ? ಬಳ್ಳಿ ಶೀಟಿನ ಆ ತುದಿ ಮುಟ್ಟಿತ್ತು. ಕುಡಿ ಮುರೀದೆ ಬಿಟ್ರೆ ಸುಮ್ನೆ ಓಡ್ತಾ ಹೋಗ್ತೈತೆ. ಮುರಿದ್ರೆ ಪಕ್ಕದಾಗೆ ಕವಲು ಒಡಿತೈತೆ, ಕಾಯಿ ಕಚ್ಚೋದು ಆ ಕವಲಿಗೆ. ನಮ್ಮತ್ತೆ ಕಾಲದಿಂದ ಹಂಗೇ ಮಾಡಿರದು."

"ಕುಡಿ ಎಲ್ಲೈತೆ ಹಂಗಾದ್ರೆ?"

ಅಜ್ಜಿ ನಕ್ಕಳು. "ನೀನೇ ಉಂಡ್ಯಲ್ಲ! ನಿನ್ನೆ ಬೆರಕೆ ಸೊಪ್ಪಿನ ಸಾರಿಗೆ ಹಾಕಿದ್ದೆ. ಚೆನ್ನಾಗೈತೆ ಅಂತ ಎರಡು ಸಲ ಹಾಕಿಸ್ಕಂಡೆ."

ಇದಕ್ಕಿಂತ ದೊಡ್ಡ ಅನ್ಯಾಯ ಲೋಕದಲ್ಲಿ ಇನ್ನೇನಿದ್ದೀತು! ತಾನೇ ಬೆಳೆಸಿದ ಬಳ್ಳಿಯ ಕುಡಿಯನ್ನು, ಹೇಳದೆ ಕೇಳದೆ, ಮುದ್ದೆಯ ಜೊತೆ ತನಗೇ ತಿನ್ನಿಸಿದ್ದಾರೆ! ಗಂಗಾ ಕಾಲು ನೆಲಕ್ಕೆ ಅಪ್ಪಳಿಸಿದಳು.

"ನನ್ನ ಒಂದು ಮಾತು ಕೇಳ್ಬಾರ್ದಿತ್ತಾ? ನಾಳೆ ಅಳತೆ ಇತ್ತು! ಉದ್ದ ಇದ್ದವರಿಗೆ ಪ್ರೈಜು! ನೀನು ಎಲ್ಲಾ ಹಾಳು ಮಾಡ್ದೆ!"

"ಉದ್ದ ಅಳಿಯಾಕೆ ಅದೇನು ಹಗ್ಗವೇನೇ?" ಅಜ್ಜಿಗೂ ಸಿಟ್ಟು ಬಂತು. "ಕುಂಬಳ ಹಾಕದು ಕಾಯಿಗೆ. ನಿಮ್ಮ ಮೇಷ್ಟ್ರಿಗೆ ಅಷ್ಟೂ ತಿಳಿಯಲ್ವಾ?" ಸಿಟ್ಟಿನ ನಡುವೆಯೇ ಅವಳಿಗೆ ಬೇರೇನೋ ಹೊಳೆಯಿತು. ದನಿ ತಗ್ಗಿಸಿದಳು. "ಅದಿರ್ಲಿ. ಆ ಹುಡುಗನ ಕತೆ ಏನು ಈಗ?"

ಗಂಗಾ ಸರ್ರನೆ ತಿರುಗಿ ಬಚ್ಚಲ ಹಿಂದಕ್ಕೆ ಹೋದಳು.

ತಪ್ಪು ಮಾಡಿದ್ದು ಅಜ್ಜಿ. ತಾನೇಕೆ ತಲೆ ತಗ್ಗಿಸಬೇಕು? ತನಗೆ ಹೇಗೆ ಗೊತ್ತಾಗಬೇಕಿತ್ತು? ಆ ಸುದೀಪ ಯಾಕೆ ಅಷ್ಟು ಹೊತ್ತು ಬಳ್ಳಿಯ ಹತ್ತಿರ ನಿಂತಿದ್ದ? ಹೆಗಲು ಯಾಕೆ ಮುಟ್ಟಿಕೊಳ್ಳಬೇಕಿತ್ತು? ಈ ಕೊನೆಯ ಪ್ರಶ್ನೆಗೆ ಬಂದಾಗ ಅವಳಿಗೇ ನಾಚಿಕೆಯಾಯಿತು. ಅವನು ಯಾಕೆ ಮುಟ್ಟಿಕೊಂಡ ಎನ್ನುವುದು ಇಡೀ ಕ್ಲಾಸಿನಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ.

ಸುದೀಪನ ಮನೆಯವರೆಗೆ ಹೋದಳು. ಬಾಗಿಲು ತೆರೆದೇ ಇತ್ತು. ಒಳಗೆ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. "ಯಾಕಪ್ಪಾ, ಊಟನೂ ಬ್ಯಾಡ ಅಂತೀಯ," ಎಂದು ಅವನ ಅವ್ವ ಕೇಳುತ್ತಿದ್ದಳು. ಗಂಗಾ ಹೊಸ್ತಿಲು ದಾಟಲಾರದೆ ಹಾಗೇ ವಾಪಸು ಬಂದಳು.

ಮಾರನೇ ದಿನ ಮೇಷ್ಟ್ರು ಟೇಪು ಹಿಡಿದು ಗಂಗಾ, ಸುದೀಪರ ಮನೆಗಳಿದ್ದ ಹಟ್ಟಿಗೆ ಬಂದರು. ಹಿಂದೆ ಅರ್ಧ ಕ್ಲಾಸೇ ಬಂದಿತ್ತು. ಸುದೀಪ ತನ್ನ ಮನೆಯ ಮುಂದೆ ದೂರದಲ್ಲೇ ನಿಂತಿದ್ದ. ಮೇಷ್ಟ್ರು ಗಂಗಾಳ ಬಳ್ಳಿಯ ಬುಡಕ್ಕೆ ಟೇಪು ಇಟ್ಟರು.

"ಸಾರ್," ಎಂದಳು ಗಂಗಾ. ಮೇಷ್ಟ್ರು ತಲೆ ಎತ್ತಿದರು. ಅವಳು ನಿನ್ನೆ ಕ್ಲಾಸಿನಲ್ಲಿ ಕೂಗಿದಷ್ಟೇ ಜೋರಾಗಿ ಹೇಳಿದಳು. "ಸಾರ್, ಸುದೀಪ ಕಿತ್ತಿಲ್ಲ. ನಮ್ಮಜ್ಜಿ ಕಿತ್ತಿದ್ದು. ಸಾರಿಗೆ ಹಾಕೈತೆ. ನಾನು ಗೊತ್ತಿಲ್ದೆ ಅವನ ಹೆಸರು ಹೇಳ್ದೆ."

ಮಕ್ಕಳು ಕಿಸಕ್ಕೆಂದರು. ಮೇಷ್ಟ್ರು ಟೇಪನ್ನು ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. "ನಾನೂ ಸರಿಯಾಗಿ ವಿಚಾರಿಸ್ಬೇಕಿತ್ತು," ಎಂದು ನೆಲ ನೋಡುತ್ತ ಹೇಳಿದರು.

ಅಷ್ಟರಲ್ಲಿ ಅಜ್ಜಿ ಹೊರಗೆ ಬಂದಳು. "ಬರ್ರಿ ಮೇಷ್ಟ್ರೇ, ಕುಂತ್ಕಳ್ರಿ. ಮಕ್ಕಳಿಗೆ ಬಳ್ಳಿ ಬೆಳ್ಸಿ ಅಂದಿದ್ದು ಬಾಳ ಒಳ್ಳೇದಾಯ್ತು. ಆದ್ರೆ ಅಳಿಯೋದಾದ್ರೆ ದೀಪಾವಳಿಗೆ ಬಂದು ಕಾಯಿ ಅಳೀರಿ."

"ಮುಂದಿನ ವರ್ಷ ಹಂಗೇ ಮಾಡ್ತೀವಿ ಅಜ್ಜಿ," ಎಂದರು ಮೇಷ್ಟ್ರು. ಆದರೆ ಈ ವರ್ಷದ ರೂಲ್ಸು ಈ ವರ್ಷಕ್ಕೆ. ಗಂಗಾಳ ಬಳ್ಳಿ ಹನ್ನೊಂದು ಅಡಿ ಎರಡಿಂಚು. ಸುದೀಪನದು ಹನ್ನೊಂದು ಅಡಿ ಏಳಿಂಚು. ಬಾಟಲ್ ಸುದೀಪನಿಗೆ ಹೋಯಿತು. ಮಾರನೇ ದಿನ ಧ್ವಜದ ಕೆಳಗೆ ನಿಂತು ಅದನ್ನು ಇಸಿದುಕೊಳ್ಳುವಾಗ ಅವನು ನಗಲಿಲ್ಲ.

ಪ್ರೋಗ್ರಾಂ ಮುಗಿದ ಮೇಲೆ ಗಂಗಾ ಅವನ ಹಿಂದೆ ಓಡಿದಳು. "ಸಾರಿ ಕಣಲೇ."

"ಸಾರಿ ಅಂದ್ರೆ ಆಯ್ತಾ?" ಅವನು ತಿರುಗಿ ನಿಂತ. ಕಣ್ಣು ಕೆಂಪಗಿದ್ದವು. "ನೀನು ಒಂದ್ಸಲ ಅಂದೆ. ಈಗ ಎಲ್ಲಾರೂ ಅಂತಾರೆ. ಬಾಟಲ್ ಇಸ್ಕಣಕ್ಕೆ ಹೋಗುವಾಗ್ಲೂ ಹಿಂದಿನಿಂದ ಅಂದ್ರು. ಕೇಳಿಸ್ಲಿಲ್ವಾ ನಿಂಗೆ?"

ಕೇಳಿಸಿತ್ತು.

ಸುದೀಪ ಕಿಟಕಿ ಪಕ್ಕದ ಬೆಂಚಿನಿಂದ ವಾಪಸು ಬರಲಿಲ್ಲ. ದಿನಗಳು ಕಳೆದವು, ಹೆಸರು ಮಾತ್ರ ಹೋಗಲಿಲ್ಲ. ಎಂಥ ಮಕ್ಕಳಪ್ಪ ಇವರು! ನಿಜ ಹೇಳಿದ್ದನ್ನು ಎಲ್ಲರೂ ಕಿವಿಯಾರೆ ಕೇಳಿದ್ದರು. ಆದರೂ ಕರೆಯಲು ಮಜವಾಗಿದ್ದ ಹೆಸರನ್ನು ಬಿಡಲು ಯಾರೂ ತಯಾರಿರಲಿಲ್ಲ.

ಗಂಗಾಳ ಬಳ್ಳಿಯಲ್ಲಿ ಅಜ್ಜಿ ಹೇಳಿದಂತೆ ಎಲೆಯ ಸಂದುಗಳಿಂದ ಹೊಸ ಕವಲುಗಳು ಹೊರಟವು. ಮೊದಲು ಎರಡು, ಆಮೇಲೆ ನಾಲ್ಕು. ಅವಳಿಗೆ ಅದರ ಮೇಲೆ ಇನ್ನೂ ಕೋಪವಿತ್ತು. ನೀರು ಹಾಕುತ್ತಿದ್ದಳು, ಮಾತಾಡಿಸುತ್ತಿರಲಿಲ್ಲ. ಒಂದು ಬೆಳಗ್ಗೆ ನೋಡಿದರೆ ಕವಲೊಂದರಲ್ಲಿ ಹಳದಿ ಹೂವು, ಹೂವಿನ ಹಿಂದೆ ಗೋಲಿ ಗಾತ್ರದ ಹಸಿರು ಕಾಯಿ! ಅವಳಿಗೆ ಕೂಗಿ ಕರೆಯಬೇಕೆನಿಸಿತು. ಕರೆಯಬೇಕಾದವನು ಎರಡು ಮನೆಯಾಚೆ ಇದ್ದ, ಅವನು ಮಾತು ಬಿಟ್ಟಿದ್ದ.

ಅವತ್ತು ಮಧ್ಯಾಹ್ನ ಊಟವಾಗಿ ಎಲ್ಲರೂ ನಲ್ಲಿಯ ಹತ್ತಿರ ತಟ್ಟೆ ತೊಳೆಯುತ್ತಿದ್ದರು. ಸುದೀಪ ಬಾಟಲಿಗೆ ನೀರು ಹಿಡಿಯಲು ಬಂದ.

"ದಾರಿ ಬಿಡ್ರಲೇ, ಕುಂಬಳಕಾಯಿ ಕಳ್ಳ ಬಂದ," ಎಂದ ಕೊಟ್ರೇಶಿ. "ಬಾಟಲ್ ಎಲ್ಲಿ ಕದ್ದೆಲೇ?"

ಗಂಗಾಳ ಕೈಯಲ್ಲಿದ್ದ ತಟ್ಟೆ ಕಲ್ಲಿನ ಮೇಲೆ ಬಿದ್ದು ಠಣ್ ಎಂದಿತು.

"ಲೇ ಕೊಟ್ರೇಶಿ! ಅವನು ಕದ್ದಿಲ್ಲ ಅಂತ ನಿಂಗೊತ್ತಿಲ್ವಾ?"

"ನೀನೇ ತಾನೇ ಹೇಳಿದ್ದು ಕಳ್ಳ ಅಂತ?"

ಕೊಟ್ರೇಶಿ ಹೇಳಿದ್ದು ಸುಳ್ಳಲ್ಲವಲ್ಲ. ಆದರೂ ಗಂಗಾ ಅಲ್ಲಿಂದ ಕದಲಲಿಲ್ಲ.

"ಹೌದು, ನಾನೇ ಹೇಳಿದ್ದು. ಅಲ್ಲ ಅಂತಾನೂ ನಾನೇ ಹೇಳ್ದೆ. ಕಳ್ಳ ಅಂದಾಗ ಒಂದೇ ಸಲಕ್ಕೆ ನಂಬಿದ್ರಲ್ಲ, ಅಲ್ಲ ಅಂದಾಗ ಯಾಕೆ ನಂಬಲ್ಲ? ಆ? ಸುಳ್ಳು ಹೇಳಿದ್ದು ನಾನು. ಕರಿಯೋದಾದ್ರೆ ನನ್ನ ಕರಿ. ಕರಿ, ನೋಡಾಣ!"

ಕೊಟ್ರೇಶಿ ಅತ್ತಿತ್ತ ನೋಡಿದ. "ಹೋಗೇ, ತಮಾಷೆಗಂದೆ," ಎನ್ನುತ್ತ ತಟ್ಟೆ ಎತ್ತಿಕೊಂಡು ಜಾರಿದ. ಸುದೀಪ ಬಾಟಲಿಯಲ್ಲಿ ನೀರು ತುಂಬಿ ಹೊರಗೆ ಚೆಲ್ಲುತ್ತಿದ್ದರೂ ನಲ್ಲಿ ನಿಲ್ಲಿಸದೆ ನಿಂತಿದ್ದ.

ಸಂಜೆ ಗಂಗಾ ಬಚ್ಚಲ ಕಾಲುವೆಯ ಕಸ ತೆಗೆಯುತ್ತಿದ್ದಾಗ ಯಾರೋ ಕೆಮ್ಮಿದರು. ಸುದೀಪ. ಬಾಟಲ್ ಹೆಗಲಿಗೆ ನೇತುಹಾಕಿಕೊಂಡು ನಿಂತಿದ್ದ.

"ಅಜ್ಜಿ ಐತಾ?"

"ಅಪ್ಪಂಗೆ ಬುತ್ತಿ ಕೊಡಕ್ಕೆ ಹೋಗೈತೆ, ಕುರಿ ಹತ್ರ. ಯಾಕೆ?"

ಅವನು ಕಾಲಿನಿಂದ ಮಣ್ಣು ಕೆರೆದ. "ನಮ್ಮ ಬಳ್ಳಿ ಇಪ್ಪತ್ತಡಿ ಆಗೈತೆ. ಬರೀ ಹೂವು. ಬಿಡ್ತವೆ, ಉದುರ್ತವೆ. ಒಂದಕ್ಕೂ ಹಿಂದೆ ಕಾಯಿ ಇಲ್ಲ. ಕುಡಿ ಚಿವುಟಿದ್ರೆ ಕಾಯಿ ಕಚ್ತೈತೆ ಅಂತ ನಿಮ್ಮಜ್ಜಿ ನಮ್ಮವ್ವಂಗೆ ಹೇಳಿತ್ತಂತೆ." ಆಮೇಲೆ ಗಂಗಾಳ ಬಳ್ಳಿಯ ಕಡೆ ನೋಡಿದ. ಗೋಲಿ ಗಾತ್ರದ ಕಾಯಿ ಅವನಿಗೂ ಕಾಣಿಸಿತು. "ನಿಂದು ಕಚ್ಚೈತಲ್ಲೇ!"

"ಇವತ್ತೇ ನೋಡಿದ್ದು."

"ಅಜ್ಜಿ ಇಲ್ದಿದ್ರೆ ನೀನೇ ಬಂದು ಚಿವುಟು, ಹೋಗಾಣ. ನನಗೆ ಕೈ ಬರಲ್ಲ."

ಸುದೀಪನ ಬಳ್ಳಿ ಹಿತ್ತಿಲ ಬೇಲಿಯ ಮೇಲೆ ಉದ್ದಕ್ಕೆ ಓಡಿತ್ತು. ಗಂಗಾ ಕುಡಿಯನ್ನು ಬೆರಳುಗಳ ನಡುವೆ ಹಿಡಿದಳು. ಮೆತ್ತಗಿತ್ತು. ನವಿರು ಬೆರಳಿಗೆ ಚುಚ್ಚುವಂತಿತ್ತು. ಚಿವುಟಲು ಮನಸ್ಸು ಬರಲಿಲ್ಲ. ತನ್ನ ಬಳ್ಳಿಯ ಮುಂದೆ ನಿಂತಾಗ ಅಜ್ಜಿಗೂ ಹೀಗೇ ಆಗಿತ್ತೋ ಏನೋ. ಆದರೆ ಅಜ್ಜಿಗೆ ಅಭ್ಯಾಸವಿತ್ತು.

"ಕೇಳಿ ಮಾಡ್ತಿದೀನಿ," ಎಂದಳು. "ಚಿವುಟ್ಲಾ?"

ಸುದೀಪನ ಕೈ ಹೆಗಲಿನ ಮೇಲಿನ ಬಾಟಲ್ ಪಟ್ಟಿಯನ್ನು ಗಟ್ಟಿಯಾಗಿ ಎಳೆದು ಹಿಡಿಯಿತು. ಗಂಗಾ ಅದನ್ನು ನೋಡಿದಳು, ನೋಡದವಳಂತೆ ಕಣ್ಣು ತಿರುಗಿಸಿದಳು.

"ಚಿವುಟು," ಎಂದ ಅವನು.

ಟಕ್ ಎಂದು ಸದ್ದಾಯಿತು. ಮುರಿದ ತುದಿಯಲ್ಲಿ ಒಂದು ಹನಿ ರಸ ನಿಂತಿತು. ಗಂಗಾ ಕುಡಿಯನ್ನು ಅವನ ಅಂಗೈಯಲ್ಲಿಟ್ಟಳು.

"ಸಾರಿಗೆ ಹಾಕಿಸ್ಕ. ಚೆನ್ನಾಗಿರ್ತೈತೆ."

ಅವಳ ಹೆಬ್ಬೆರಳಿನ ಉಗುರಿನ ತುಂಬ ಹಸಿರು ಅಂಟಿತ್ತು. ಸುದೀಪ ಬಾಟಲಿಯ ಮುಚ್ಚಳ ತಿರುಗಿಸಿದ. "ಕೈ ಹಿಡಿ, ನೀರು ಹಾಕ್ತೀನಿ."

"ಇರ್ಲಿ ಬಿಡು. ಬಳ್ಳಿಗೆ ಹಾಕು," ಎಂದಳು ಗಂಗಾ.

ಅವನು ಬಗ್ಗಿ ಬುಡಕ್ಕೆ ನೀರು ಸುರಿದ. ಬಾಟಲ್ ಖಾಲಿಯಾಗುವವರೆಗೂ ಇಬ್ಬರೂ ಅಲ್ಲೇ ನಿಂತಿದ್ದರು.